ಯಾವ ಇಂಗ್ಲಿಷ್ ಬೇಕು ಅಂತ ಮಕ್ಕಳನ್ನೇ ಕೇಳಿದರೆ

ಮಕ್ಕಳು ಯಾವ ಭಾಷೆ ಕಲಿಯಬೇಕು ಅನ್ನೋ ವಿಷಯಕ್ಕೆ ನಮ್ಮ ರಾಜ್ಯದ ದೊಡ್ಡವರು ಆಡಿದಷ್ಟು ಜಗಳ ಬೇರೆ ಯಾವುದಕ್ಕೂ ಆಡಿರಲಿಕ್ಕಿಲ್ಲ. 1982ರಲ್ಲಿ ಗೋಕಾಕ್ ಚಳವಳಿ ಆಯಿತು. 1994ರಲ್ಲಿ ಭಾಷಾ ನೀತಿ ಬಂತು. ಅದು ಕೋರ್ಟು ಮೆಟ್ಟಿಲು ಹತ್ತಿತು, ಎಳೆದಾಡಿ ಎಳೆದಾಡಿ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ನಡುವೆ 2007ರಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ಪ್ರತಿ ಸಲವೂ ಪೇಪರಿನ ತುಂಬ ಚರ್ಚೆ, ಪ್ರತಿ ಸಲವೂ ಎರಡು ಪಕ್ಷ.

ಇಷ್ಟೆಲ್ಲದರಲ್ಲಿ ಒಂದು ಮಗುವನ್ನು ಪಕ್ಕ ಕೂರಿಸಿಕೊಂಡು "ನಿನಗೆ ಇಂಗ್ಲಿಷಿನಲ್ಲಿ ಏನು ಬೇಕು ಪುಟ್ಟಾ?" ಅಂತ ಕೇಳಿದವರು ಎಷ್ಟು ಜನ? ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇನೋ ಮಾಧ್ಯಮ ಆರಿಸುವ ಹಕ್ಕು ಮಗುವಿನದು, ಮಗುವಿನ ಪರವಾಗಿ ತಂದೆ ತಾಯಿಯದು ಅಂತಿದೆ. ಆದರೆ "ಪರವಾಗಿ" ಅನ್ನುವಷ್ಟರಲ್ಲಿ ಮಗು ಎದ್ದು ಆಚೆ ಆಡೋಕೆ ಹೋಗಿರುತ್ತದೆ.

ಮಾಧ್ಯಮದ ಜಗಳಕ್ಕೆ ಇಲ್ಲಿ ನಾನು ಕೈ ಹಾಕುವುದಿಲ್ಲ. ನನ್ನ ಕೈಯಲ್ಲಿರುವುದು ದಿನಕ್ಕೊಂದು ನಲವತ್ತು ನಿಮಿಷದ ಇಂಗ್ಲಿಷ್ ಪೀರಿಯಡ್ಡು. ಅರಸೀಕೆರೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ತೆಂಗು, ರಾಗಿ, ಹಾಲಿನ ಡೇರಿ, ಸ್ವಲ್ಪ ದೂರದಲ್ಲಿ ರೈಲಿನ ಹಳಿ. ಇಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ. ಹಾಗಂತ ಇಂಗ್ಲಿಷ್ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಗೊಬ್ಬರದ ಚೀಲದ ಮೇಲಿದೆ, ಮಾತ್ರೆಯ ಪಟ್ಟಿಯ ಮೇಲಿದೆ, ಡೇರಿಯ ಚೀಟಿಯಲ್ಲಿದೆ, ಅಪ್ಪನ ಫೋನಿನಲ್ಲಿದೆ. ಕಿವಿಗೆ ಬೀಳುವುದಿಲ್ಲ, ಕಣ್ಣಿಗೆ ಮಾತ್ರ ಎಲ್ಲ ಕಡೆ ಕಾಣುತ್ತದೆ. ನಮ್ಮ ಮಕ್ಕಳ ಪಾಲಿಗೆ ಇದು ಅಪ್ಪಟ ಪರದೇಶದ ಭಾಷೆಯೇ.

ಈ ನಲವತ್ತು ನಿಮಿಷದಲ್ಲಿ ಏನು ಕಲಿಯಬೇಕು, ಹೇಗೆ ಕಲಿಯಬೇಕು, ಎಷ್ಟು ಬಂತು ಅನ್ನುವುದರಲ್ಲಿ ಮಕ್ಕಳಿಗೂ ಮಾತು ಇರಬೇಕು ಅನ್ನುವುದು ನನ್ನ ವಾದ. ಸುಮ್ನೆ ಆದರ್ಶಕ್ಕೆ ಹೇಳುತ್ತಿಲ್ಲ. ಹಾಗೆ ಬಿಟ್ಟಾಗ ಅವರು ಕಲಿಯುವ ರೀತಿಯೇ ಬೇರೆ ಇರುತ್ತದೆ. ಬಿಡುವುದು ಮಾತ್ರ ಕಷ್ಟ.

ತರಬೇತಿಗಳಲ್ಲಿ ಮಕ್ಕಳನ್ನು ತೊಡಗಿಸಿಕೊಳ್ಳಿ ಅಂತ ಬಹಳ ಹೇಳುತ್ತಾರೆ. ಹೇಳಿ ಮುಗಿಸಿ ಒಂದು ರೈಮ್ ಹಾಡಿಸಿ, ಕೈ ಮೇಲೆತ್ತಿಸಿ, ಕುಣಿಸುತ್ತಾರೆ. ಕುಣಿದರೆ ಖುಷಿಯಾಗುತ್ತದೆ, ತಪ್ಪೇನಿಲ್ಲ. ಆದರೆ ಯಾವ ಹಾಡು, ಎಷ್ಟು ಸಲ, ಯಾವಾಗ ನಿಲ್ಲಿಸಬೇಕು ಎಲ್ಲವನ್ನೂ ನಾವೇ ತೀರ್ಮಾನ ಮಾಡಿರುತ್ತೇವೆ. ಮಗುವಿನ ಕೈಕಾಲು ತೊಡಗಿಕೊಂಡಿದೆ, ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿ, ಮಗು ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳಿಕೊಳ್ಳಲು ನೆರವಾಗಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಅದು ಕಾನೂನು. ಹೈಕಳ ಹತ್ತಿರ "ಎಸ್ ಮಿಸ್" ಅಂತ ಕೂಗಿಸಿದರೆ ಅಭಿಪ್ರಾಯ ಕೇಳಿದ ಹಾಗಾಗಲ್ಲ, ಅಲ್ವಾ?

ಇದಕ್ಕೆ ಬೇಕಾದ ಸಲಕರಣೆ ನಮ್ಮ ಶಾಲೆಗಳಲ್ಲಿ ಹೊಸದಾಗಿ ತರಬೇಕಾಗೂ ಇಲ್ಲ. ಚಿಕ್ಕ ತರಗತಿಗಳಿಗೆ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇದೆಯಲ್ಲ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡ್ ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ನೋಡಿದ್ದನ್ನು ಕನ್ನಡಕ್ಕೆ, ನಮ್ಮ ಶಾಲೆಗೆ ಹೊಂದಿಸಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಕಲಿಕಾ ಏಣಿ, ಮೈಲಿಗಲ್ಲು, ಪ್ರತಿ ಚಟುವಟಿಕೆಗೂ ಒಂದು ಚಿತ್ರದ ಗುರುತು. ಮಗು ಬಂದು ಏಣಿಯಲ್ಲಿ ತಾನು ಎಲ್ಲಿದ್ದೇನೆ ನೋಡಿ, ತನ್ನ ಕಾರ್ಡ್ ತಾನೇ ತೆಗೆದುಕೊಂಡು, ಯಾವ ತಟ್ಟೆಗೆ (ಗುಂಪಿಗೆ ಅಲ್ಲಿ ತಟ್ಟೆ ಅನ್ನುತ್ತಾರೆ) ಸೇರಬೇಕೋ ಅಲ್ಲಿ ಹೋಗಿ ಕೂರಬೇಕು. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಗೆಳೆಯರ ಸಹಾಯ, ಕೊನೆಯದು ಸ್ವಕಲಿಕೆ. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಗುರುತು ಹಾಕಬೇಕಾದ್ದು ಮಗುವೇ.

ಓದುವಾಗ ಎಷ್ಟು ಚೆನ್ನಾಗಿದೆ ನೋಡಿ. ಆರು ವರ್ಷದ ಮಗು ತಾನು ಎಲ್ಲಿದ್ದೇನೆ, ಮುಂದೆ ಎಲ್ಲಿಗೆ ಹೋಗಬೇಕು ಅಂತ ತಾನೇ ನೋಡಿಕೊಳ್ಳುವುದು! ಆದರೆ ನಾನು ಕಂಡಿರುವ ಎಷ್ಟೋ ತರಗತಿಗಳಲ್ಲಿ ಪ್ರಗತಿ ನೋಟ ತುಂಬುವುದು ತಪಾಸಣೆಯ ಹಿಂದಿನ ದಿನ ಸಂಜೆ, ಟೀಚರ ಕೈಯಲ್ಲಿ, ಒಂದೇ ಬಣ್ಣದ ಸ್ಕೆಚ್ ಪೆನ್ನಲ್ಲಿ. ಟೀಚರನ್ನು ದೂರಿ ಪ್ರಯೋಜನ ಇಲ್ಲ. ಮೂರು ತರಗತಿ ಒಂದೇ ಕೋಣೆಯಲ್ಲಿ, ಜೊತೆಗೆ ಹಾಲು, ಮೊಟ್ಟೆ, ಸಮೀಕ್ಷೆ, ಆನ್‌ಲೈನ್ ಎಂಟ್ರಿ. ಮಕ್ಕಳು ಗುರುತು ಹಾಕಿದರೆ ಗೀಟು ಸೊಟ್ಟ ಬರುತ್ತದೆ, ನೋಡುವವರು ಏನನ್ನುತ್ತಾರೋ ಅನ್ನುವ ಅಳುಕು ಬೇರೆ.

ಇಂಗ್ಲಿಷ್ ಅಂದರೆ ಈ ಅಳುಕು ಇನ್ನೂ ಜಾಸ್ತಿ. ಕನ್ನಡದಲ್ಲಿ ಮಗು ಪಠ್ಯದಲ್ಲಿಲ್ಲದ್ದು ಕೇಳಿದರೆ ನಾವು ಹೇಗೋ ನಿಭಾಯಿಸುತ್ತೇವೆ. ಇಂಗ್ಲಿಷಿನಲ್ಲಿ ಕೇಳಿಬಿಟ್ಟರೆ? "ಮಿಸ್, ಉಣ್ಣೆಗೆ ಇಂಗ್ಲಿಷಲ್ಲಿ ಏನಂತಾರೆ?" ಅಂತ ಒಬ್ಬಳು ಕೇಳಿದಳು. ಸ್ವೆಟರಿನ ಉಣ್ಣೆ ಅಲ್ಲ, ನಾಯಿ ಕಿವಿಯಲ್ಲಿ, ಹಸುವಿನ ಕೆಚ್ಚಲ ಹತ್ತಿರ ಕಚ್ಚಿಕೊಂಡಿರುವ ಉಣ್ಣೆ. ನನಗೆ ಗೊತ್ತಿರಲಿಲ್ಲ. ಎಲ್ಲರ ಮುಂದೆಯೇ ಫೋನು ತೆಗೆದು ಹುಡುಕಿದೆವು. "ಟಿಕ್" ಅನ್ನುವ ಪದ ಸಿಕ್ಕಿತು. ಟೀಚರಿಗೂ ಹುಡುಕಬೇಕಾಗುತ್ತದೆ ಅಂತ ಗೊತ್ತಾದ ಮೇಲೆ ಮಕ್ಕಳು ಕೇಳುವುದು ಜಾಸ್ತಿಯಾಯಿತು. ಗೌರವ ಏನೂ ಕಡಿಮೆಯಾಗಲಿಲ್ಲ.

ಡೆನ್ಮಾರ್ಕಿನಲ್ಲಿ ಲೆನಿ ದಾಮ್ ಅಂತ ಒಬ್ಬ ಟೀಚರ್ ಇದ್ದರು. ಕೋಪನ್‌ಹೇಗನ್ ಹತ್ತಿರದ ಕಾರ್ಲ್ಸ್‌ಲುಂಡೆ ಅನ್ನುವ ಊರಿನ ಶಾಲೆಯಲ್ಲಿ 1970ರ ದಶಕದಿಂದ ಇಂಗ್ಲಿಷ್ ಕಲಿಸಿದವರು. ಆಗ ಅಲ್ಲಿನ ಮಕ್ಕಳು ಐದನೇ ತರಗತಿಯಲ್ಲಿ ಇಂಗ್ಲಿಷ್ ಶುರು ಮಾಡುತ್ತಿದ್ದರು. ದಾಮ್ ಅವರ ತರಗತಿಯಲ್ಲಿ ಪ್ರತಿ ಮಗುವಿಗೂ ಒಂದು ದಿನಚರಿ ಪುಸ್ತಕ. ಇವತ್ತು ಏನು ಮಾಡುತ್ತೇನೆ, ಯಾರ ಜೊತೆ ಮಾಡುತ್ತೇನೆ, ಹೇಗೆ ಆಯಿತು, ಮನೆಗೆ ಏನು ಕೆಲಸ ತೆಗೆದುಕೊಂಡು ಹೋಗುತ್ತೇನೆ ಎಲ್ಲವನ್ನೂ ಮಗುವೇ ಬರೆಯಬೇಕು. ಹೋಂವರ್ಕನ್ನೂ ಮಗುವೇ ಆರಿಸಿಕೊಳ್ಳಬೇಕು. ಹಾಗಂತ ದಾಮ್ ಕೈ ಕಟ್ಟಿ ಕೂರುತ್ತಿರಲಿಲ್ಲ. ಪುಸ್ತಕ ಓದಿ ಉತ್ತರ ಬರೆಯುತ್ತಿದ್ದರು, ಏನೇನು ಮಾಡಬಹುದು ಅನ್ನುವ ಪಟ್ಟಿಯನ್ನು ಗೋಡೆಗೆ ಹಚ್ಚುತ್ತಿದ್ದರು, ಸುಮ್ಮನೆ ಕಾಲ ಕಳೆಯುವವರನ್ನು ಹಿಡಿದು ಕೇಳುತ್ತಿದ್ದರು. ಕಲಿಯುವವರೇ ತಮ್ಮ ಕಲಿಕೆಯ ಹೊಣೆ ಹೊರಬೇಕು ಅಂತ 1981ರಲ್ಲಿ ಆನ್ರಿ ಓಲೆಕ್ ಅನ್ನುವ ಫ್ರಾನ್ಸಿನ ವಿದ್ವಾಂಸರು ಬರೆದರು. ಅವರ ಮನಸ್ಸಿನಲ್ಲಿದ್ದದ್ದು ಹೆಚ್ಚಾಗಿ ವಯಸ್ಕರು. ಹತ್ತು ಹನ್ನೊಂದು ವರ್ಷದ ಮಕ್ಕಳೂ ಹೊರುತ್ತಾರೆ ಅಂತ ದಾಮ್ ತರಗತಿಯಲ್ಲೇ ತೋರಿಸಿದರು.

ನಮ್ಮ ಪರಿಸ್ಥಿತಿ ಡೆನ್ಮಾರ್ಕಿನದ್ದಲ್ಲ, ಒಪ್ಪಿದೆ. ಅವರ ಟಿವಿಯಲ್ಲಿ ಇಂಗ್ಲಿಷ್ ಹಾಗೇ ಬರುತ್ತದೆ, ಕೆಳಗೆ ಡೇನಿಷ್ ಸಾಲು ಓಡುತ್ತದೆ. ಆದರೂ ಶುರು ಮಾಡುವುದು ಅವರ ಥರವೇ ಸಾಧ್ಯ. ಮಕ್ಕಳ ಸುತ್ತಮುತ್ತ ಇರುವ ಇಂಗ್ಲಿಷನ್ನು ಅವರೇ ತರಲಿ. ಶನಿವಾರ ಹೇಳಿ ಕಳಿಸಿದ್ದೆ, ಸೋಮವಾರ ಚೀಲಗಳಿಂದ ಬಂತು ನೋಡಿ: ಗುಟ್ಕಾ ಪೊಟ್ಟಣ (ಅದನ್ನು ತಕ್ಷಣ ಕಸಕ್ಕೆ ಹಾಕಿಸಿದೆ), ಕಾಯಿ ಕೀಳುವ ಯಂತ್ರದ ಜಾಹೀರಾತು, ಅಜ್ಜಿಯ ಬಿಪಿ ಮಾತ್ರೆಯ ಖಾಲಿ ಪಟ್ಟಿ, ಮೊಬೈಲಿನ ಡಬ್ಬ, ಹಿಂಡಿ ಮೂಟೆಯಿಂದ ಹರಿದ ಲೇಬಲ್ಲು. ಒಬ್ಬ ಹುಡುಗ ಬಸ್ ಟಿಕೆಟ್ಟುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದ. ಅವನ ಅಪ್ಪ ಕಂಡಕ್ಟರ್ ಏನಲ್ಲ, ಸಂತೆಗೆ ಹೋಗುವವರು.

ಇದನ್ನೆಲ್ಲ ನೆಲದ ಮೇಲೆ ಹರಡಿ, ಯಾವ ಪದ ಬೇಕು ಅಂತ ಅವರೇ ಎತ್ತಿಕೊಂಡರು. ಪಠ್ಯದಲ್ಲಿ ಆ ವಾರ ಇದ್ದದ್ದು ಹಣ್ಣಿನ ಹೆಸರುಗಳು. ಮಕ್ಕಳು ಎತ್ತಿಕೊಂಡದ್ದು "ಎಕ್ಸ್‌ಪೈರಿ ಡೇಟ್". ಒಬ್ಬಳಿಗೆ ಅದು ಓದಲು ಬಂದ ಮೇಲೆ ಮನೆಯಲ್ಲಿರುವ ಮಾತ್ರೆ ಡಬ್ಬವನ್ನೆಲ್ಲ ಶೋಧಿಸಿ, ಹಳೇದನ್ನೆಲ್ಲ ಎಸೆಸಿದಳಂತೆ. ಅವರಮ್ಮ ಶಾಲೆಗೆ ಬಂದು ಹೇಳಿದರು. ಅರ್ಧ ಹೆಮ್ಮೆ, ಅರ್ಧ ದೂರು.

ಆದರೆ ನಿಜವಾದ ಮಜಾ ಆದದ್ದು ರೈಲಿನ ವಿಷಯದಲ್ಲಿ.

ಅರಸೀಕೆರೆ ಜಂಕ್ಷನ್ನು. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ಗಾಡಿಗಳು, ಹಾಸನ ಮೈಸೂರು ಕಡೆ ತಿರುಗುವ ಗಾಡಿಗಳು ಎಲ್ಲ ಸೇರುವ ಜಾಗ. ನಮ್ಮ ಮಕ್ಕಳಲ್ಲಿ ಆ ಸ್ಟೇಷನ್ ನೋಡದವರಿಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಮೈಕಿನಲ್ಲಿ ಕೂಗುತ್ತಾರಲ್ಲ, ಅದನ್ನು ಆಟದ ಹೊತ್ತಿನಲ್ಲಿ ಹುಡುಗರು ಅನುಕರಣೆ ಮಾಡುತ್ತಿದ್ದರು. ಆ ಟಿಂಗ್ ಟಾಂಗ್ ಸದ್ದಿನಿಂದ ಹಿಡಿದು "ಮೇ ಐ ಹ್ಯಾವ್ ಯುವರ್ ಅಟೆನ್ಷನ್ ಪ್ಲೀಸ್" ತನಕ ರಾಗ ಸಮೇತ. ಮುಂದಿನದ್ದು ಗೊಣಗೊಣ. ಯಾವುದು ಕಲಿಯೋಣ ಅಂತ ಕೇಳಿದ ದಿನ ಹಿಂದಿನ ಸಾಲಿನಿಂದ ಬಂತು: "ಮಿಸ್, ರೈಲಿನ ಮೈಕಲ್ಲಿ ಹೇಳ್ತಾರಲ್ಲ, ಅದು."

ಒಬ್ಬ ಅಪ್ಪ ಸ್ಟೇಷನ್ನಿಗೆ ಹೋದಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದರು. ತರಗತಿಯಲ್ಲಿ ಹಾಕಿ ಹಾಕಿ ಕೇಳಿದೆವು. ನಾನು ಬೋರ್ಡಿನ ಮೇಲೆ ಬರೆದೆ. "ಇದರಲ್ಲಿ ಈಗಲೇ ಬರೋದು ಯಾವುದು? ಸುತ್ತು ಹಾಕಿ" ಅಂದೆ. ಟ್ರೈನ್, ನಂಬರ್, ಪ್ಲಾಟ್‌ಫಾರ್ಮ್, ಊರಿನ ಹೆಸರುಗಳು, ಲೇಟ್. ಅಯ್ಯೋ, ಇಷ್ಟೊಂದು ಬರುತ್ತಾ ನಮಗೆ ಅಂತ ಅವರಿಗೇ ಆಶ್ಚರ್ಯ. ಉಳಿದದ್ದನ್ನು ಅವರೇ ಹಂಚಿಕೊಂಡರು. ಅಂಕಿಗಳನ್ನು ಒಂದು ಗುಂಪು ಹಿಡಿಯಿತು. ರೈಲಿನ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಹೇಳುತ್ತಾರಾದ್ದರಿಂದ ಅದು ಸಲೀಸು. ಸಮಯದ ಗುಂಪಿಗೆ ತಲೆನೋವು ಹಿಡಿಯಿತು. ರೈಲಿನವರು ಸಂಜೆ ಆರೂವರೆ ಅನ್ನುವುದಿಲ್ಲ, ಏಟೀನ್ ಅವರ್ಸ್ ಥರ್ಟಿ ಮಿನಿಟ್ಸ್ ಅನ್ನುತ್ತಾರೆ. ಹದಿನೆಂಟರಿಂದ ಹನ್ನೆರಡು ಕಳೆಯಬೇಕು ಅಂತ ಗೊತ್ತಾಗಲು ಗಣಿತದ ಮೇಷ್ಟ್ರ ಹತ್ತಿರ ಹೋಗಿ ಬಂದರು. ಅವರು ಸ್ಟಾಫ್ ರೂಮಿನಲ್ಲಿ ನನ್ನನ್ನು ನೋಡಿ ನಕ್ಕರು.

ಎರಡು ಮೂರು ದಿನದಲ್ಲಿ ರೈಲು ಹಳೇದಾಯಿತು. ಒಂದು ಮಧ್ಯಾಹ್ನ ಅಡುಗೆಮನೆ ಕಡೆ ಕೈ ಮಾಡಿಕೊಂಡು ಒಬ್ಬ ಶುರು ಮಾಡಿದ: "ಅಟೆನ್ಷನ್ ಪ್ಲೀಸ್. ಬಿಸಿಯೂಟ ಈಸ್ ರನ್ನಿಂಗ್ ಲೇಟ್ ಬೈ ಟೆನ್ ಮಿನಿಟ್ಸ್. ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್." ಅಡುಗೆ ಅಕ್ಕ ಸೌಟು ಹಿಡಿದುಕೊಂಡೇ ಆಚೆ ಬಂದು "ಯಾರೋ ಲೇಟು ಅಂದೋನು?" ಅಂದರು. ಯಾವ ಪಠ್ಯಪುಸ್ತಕವೂ ನಾಲ್ಕನೇ ಕ್ಲಾಸಿಗೆ ಇನ್‌ಕನ್ವೀನಿಯನ್ಸ್ ಅನ್ನುವ ಪದ ಇಡುವುದಿಲ್ಲ. ಇಟ್ಟರೆ ಕಷ್ಟದ ಪದ ಅಂತ ನಾವೇ ಗಲಾಟೆ ಮಾಡುತ್ತೇವೆ.

ಈ ಆಟದಲ್ಲಿ ಇನ್ನೊಂದು ನಡೆಯಿತು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬಾಯೇ ಬಿಡದ ಹುಡುಗಿ ಒಬ್ಬಳಿದ್ದಳು. ಗುಂಪಿನಲ್ಲಿ ತುಟಿ ಆಡಿಸುತ್ತಾಳೆ, ಒಬ್ಬಳನ್ನೇ ನಿಲ್ಲಿಸಿದರೆ ಲಂಗದ ಅಂಚು ಸುರುಟುತ್ತಾ ನಿಲ್ಲುತ್ತಾಳೆ. ಅವಳು ತಾನು ಅನೌನ್ಸ್ ಮಾಡುತ್ತೇನೆ ಅಂದಳು. ಒಂದು ಷರತ್ತು: ಬೀರುವಿನ ಹಿಂದೆ ನಿಂತು ಹೇಳುತ್ತೇನೆ. "ಮೈಕಲ್ಲಿ ಹೇಳೋರು ಕಾಣಿಸಲ್ಲ ಅಲ್ವಾ ಮಿಸ್" ಅಂದಳು. ಬೀರುವಿನ ಹಿಂದಿನಿಂದ ಪೂರ್ತಿ ಹೇಳಿದಳು, ತಿಪಟೂರು, ತುಮಕೂರು, ಯಶವಂತಪುರ ಎಲ್ಲ ಸೇರಿಸಿ. ದನಿ ಗಟ್ಟಿಯಾಗಿತ್ತು. ನಾನಾಗಿದ್ದರೆ ಮುಂದೆ ಬಾ, ಧೈರ್ಯವಾಗಿ ನಿಂತು ಹೇಳು ಅಂತ ಇನ್ನೊಂದು ವರ್ಷ ಹೇಳುತ್ತಿದ್ದೆನೋ ಏನೋ. ತನಗೆ ಮಾತು ಬರಲು ಏನು ಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ಅದನ್ನು ಹೇಳಲು ಒಂದು ಜಾಗ ಇರಲಿಲ್ಲ ಅಷ್ಟೇ.

ರೈಲಿನ ವೇಳಾಪಟ್ಟಿ ಇಟ್ಟುಕೊಂಡು ಇಂಗ್ಲಿಷ್ ಕಲಿಸುವುದು ನಮ್ಮ ಕಡೆ ಹೊಸದಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಜಗತ್ತು ಅದನ್ನು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತದೆ. ವ್ಯಾಕರಣ ಹೇಳಿಕೊಡಬೇಡಿ, ಬಾಯಿಪಾಠ ಬೇಡ, ನಕ್ಷೆ ಕೊಡಿ, ವೇಳಾಪಟ್ಟಿ ಕೊಡಿ, ಯೋಚಿಸಿ ಬಿಡಿಸುವ ಕೆಲಸ ಕೊಡಿ, ತಲೆ ಅರ್ಥದ ಹಿಂದೆ ಓಡುವಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ. ತರಗತಿಯ ಅರ್ಧದಷ್ಟು ಮಕ್ಕಳಿಗೆ ಕೆಲಸದ ಅರ್ಧದಷ್ಟಾದರೂ ಸರಿ ಬಂದರೆ ಆ ಕೆಲಸ ಆ ತರಗತಿಗೆ ಸರಿಯಾದ ಮಟ್ಟದ್ದು ಅಂತ ಅವರ ಅಳತೆ. ಪ್ರಪಂಚದ ಎಲ್ಲೆಲ್ಲೋ ಭಾಷೆ ಕಲಿಸುವವರು ಇವತ್ತಿಗೂ ಈ ಪ್ರಯೋಗದ ಹೆಸರು ಹೇಳುತ್ತಾರೆ. ನಮ್ಮ ತರಬೇತಿಗಳಲ್ಲಿ ಮಾತ್ರ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಪ್ರಭು ಅವರ ಬಗ್ಗೆ ಗೌರವ ಇದ್ದೂ ಒಂದು ಕಡೆ ನಾನು ಅವರ ಜೊತೆ ಇಲ್ಲ. ಕೆಲಸ ಯಾವುದು ಅಂತ ಅಲ್ಲಿ ಟೀಚರೇ ಆರಿಸುತ್ತಿದ್ದರು. ಮಕ್ಕಳನ್ನು ಗುಂಪು ಮಾಡಿ ಬಿಡುವುದೂ ಪ್ರಭು ಅವರಿಗೆ ಅಷ್ಟಾಗಿ ಒಪ್ಪಿಗೆ ಇರಲಿಲ್ಲ, ಒಬ್ಬರ ತಪ್ಪು ಇಂಗ್ಲಿಷ್ ಇನ್ನೊಬ್ಬರಿಗೆ ಅಂಟುತ್ತದೆ ಅಂತ. ಅಂಟುತ್ತದೆ, ನಿಜ. ಆದರೆ ಬೇಕಾದದ್ದನ್ನು ತಾವೇ ಆರಿಸಿಕೊಂಡ ಮಕ್ಕಳು ತಪ್ಪನ್ನೂ ಬೆನ್ನಟ್ಟಿ ಹೋಗುತ್ತಾರೆ. "ರೆಕಾರ್ಡಲ್ಲಿ ಹಂಗಿಲ್ಲ ಕಣೋ" ಅಂತ ಎಷ್ಟು ಸಲ ಕೇಳಿಸಿಕೊಂಡೆನೋ.

ಇನ್ನು ಎಷ್ಟು ಬಂತು ಅಂತ ಮಕ್ಕಳೇ ಹೇಳಿಕೊಳ್ಳುವ ವಿಷಯ. ಯುರೋಪಿನ ದೇಶಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಭಾಷಾ ಪೋರ್ಟ್‌ಫೋಲಿಯೋ ಅನ್ನುವುದನ್ನು ತಂದಿತು. ಅದರಲ್ಲಿ ಮೂರು ಭಾಗ. ನನಗೆ ಯಾವ ಯಾವ ಭಾಷೆ ಎಷ್ಟೆಷ್ಟು ಬರುತ್ತದೆ ಅನ್ನುವ ಪಾಸ್‌ಪೋರ್ಟು, ಹೇಗೆ ಕಲಿಯುತ್ತಿದ್ದೇನೆ ಅನ್ನುವ ನನ್ನದೇ ಭಾಷೆಯ ಆತ್ಮಕಥೆ, ಮಾಡಿದ ಕೆಲಸ ಇಡುವ ಫೈಲು. ಪುಟ್ಟ ಮಕ್ಕಳಿಗೂ ಬೇರೆ ಬೇರೆ ದೇಶಗಳಲ್ಲಿ ಚಿತ್ರಗಳಿರುವ ಪೋರ್ಟ್‌ಫೋಲಿಯೋ ಮಾಡಿದರು. ಅಂಕ ಇಲ್ಲ. "ನನ್ನ ಹೆಸರು ಹೇಳಬಲ್ಲೆ", "ಅಂಗಡಿಯಲ್ಲಿ ಬೇಕಾದ್ದು ಕೇಳಬಲ್ಲೆ" ಅನ್ನುವಂಥ ವಾಕ್ಯಗಳು, ಎದುರಿಗೆ ಮಗುವೇ ಬಣ್ಣ ತುಂಬುವ ಜಾಗ.

ನಮ್ಮ ಮಕ್ಕಳು ಇಂಗ್ಲಿಷ್ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಇದನ್ನು ಮಾಡುತ್ತಾರೆ. ಒಂದು ವಾಕ್ಯ, ಎದುರಿಗೆ ಒಂದು ವೃತ್ತ. ಪೂರ್ತಿ ತುಂಬಿದರೆ ಬರುತ್ತೆ, ಅರ್ಧ ತುಂಬಿದರೆ ಸ್ವಲ್ಪ, ಹಾಗೇ ಬಿಟ್ಟರೆ ಇನ್ನೂ ಇಲ್ಲ. ಮಕ್ಕಳು ಇದಕ್ಕೆ ಫುಲ್ಲು, ಹಾಫು, ಖಾಲಿ ಅನ್ನುತ್ತಾರೆ. ಶುರುವಿನಲ್ಲಿ ಎಲ್ಲರದ್ದೂ ಫುಲ್ಲೇ. ಮಿಸ್ ಖುಷಿಯಾಗಲಿ ಅಂತ, ಪಕ್ಕದವನದ್ದು ಫುಲ್ಲಾಗಿದೆ ಅಂತ. ಇದಕ್ಕೆ ಮದ್ದೂ ಮಕ್ಕಳಿಂದಲೇ ಬಂತು: ಫುಲ್ ಹಾಕುವ ಮೊದಲು ಒಬ್ಬ ಗೆಳೆಯನ ಮುಂದೆ ಮಾಡಿ ತೋರಿಸಬೇಕು, ಅವನು ಹೂಂ ಅಂದರೆ ಮಾತ್ರ. ಮಕ್ಕಳು ಮಾಡುವ ತಪಾಸಣೆ ಬಲು ಬಿಗಿ. ನಾನು ಬಿಟ್ಟುಬಿಡುವಂಥದ್ದನ್ನು ಅವರು ಬಿಡುವುದಿಲ್ಲ.

ಒಬ್ಬ ಹುಡುಗ "ಬಣ್ಣಗಳ ಹೆಸರು ಹೇಳಬಲ್ಲೆ" ಅನ್ನುವುದರ ಎದುರಿಗೆ ಅರ್ಧ ತುಂಬಿದ್ದ. ಅವನು ಎಲ್ಲ ಬಣ್ಣವನ್ನೂ ಪಟಪಟ ಹೇಳುವುದನ್ನು ನಾನೇ ಕೇಳಿದ್ದೆ. ಯಾಕೋ ಅರ್ಧ ಅಂದರೆ, "ಕ್ರೇಯಾನ್ಸ್ ಡಬ್ಬದಲ್ಲಿ ಇರೋ ಥರ ಸಾಲಾಗಿ ಹೇಳೋಕೆ ಬರುತ್ತೆ ಮಿಸ್. ನಡುವೆ ಒಂದು ತೆಗೆದು ಕೇಳಿದರೆ ಮೊದಲಿಂದ ಎಣಿಸಬೇಕು" ಅಂದ. ನನ್ನ ಪರೀಕ್ಷೆಯಲ್ಲಿ ಅವನಿಗೆ ಪೂರ್ತಿ ಅಂಕ ಬಂದಿರುತ್ತಿತ್ತು. ಅವನ ತಲೆಯೊಳಗೆ ನಡೆಯುವ ಎಣಿಕೆ ನನಗೆ ಕಾಣುವುದಾದರೂ ಹೇಗೆ? ಆಮೇಲೆ ತಾನೇ ಒಂದು ದಾರಿ ಹುಡುಕಿಕೊಂಡ. ಕ್ರೇಯಾನ್ಸನ್ನು ದಿನಾ ಕಲಸಿ ಇಡುವುದು.

ಭಾಷೆಯ ಪಾಸ್‌ಪೋರ್ಟ್ ಅನ್ನುವ ಭಾಗ ನಮ್ಮಲ್ಲಿ ನಿಜಕ್ಕೂ ತುಂಬಿ ತುಳುಕುತ್ತದೆ. ನಮ್ಮ ತರಗತಿಯಲ್ಲೇ ಮನೆಯಲ್ಲಿ ಲಂಬಾಣಿ ಆಡುವವರು, ಉರ್ದು ಆಡುವವರು, ತೆಲುಗು ಆಡುವವರು ಇದ್ದಾರೆ. ಅವರಿಗೆ ಶಾಲೆಯ ಕನ್ನಡವೇ ಎರಡನೆಯದು. ಆದರೆ ನಿನಗೆ ಎಷ್ಟು ಭಾಷೆ ಬರುತ್ತೆ ಅಂದರೆ "ಕನ್ನಡ, ಸ್ವಲ್ಪ ಇಂಗ್ಲಿಷ್" ಅನ್ನುತ್ತಾರೆ. ಮನೆಮಾತನ್ನು ಲೆಕ್ಕಕ್ಕೇ ಇಡುವುದಿಲ್ಲ. ಐರ್ಲೆಂಡಿನ ಡಬ್ಲಿನ್ ಹೊರವಲಯದ ಬ್ಲಾಂಚರ್ಡ್ಸ್‌ಟೌನಿನಲ್ಲಿ ಸ್ಕೋಲ್ ಬ್ರೀಡೆ ಅನ್ನುವ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆ ಇದೆ. ಬೇರೆ ಬೇರೆ ದೇಶಗಳಿಂದ ಬಂದ ಕುಟುಂಬಗಳ ಮಕ್ಕಳೇ ಹೆಚ್ಚು, ಐವತ್ತಕ್ಕೂ ಮೀರಿ ಮನೆಭಾಷೆಗಳು. ಅಲ್ಲಿ ಮುಖ್ಯಶಿಕ್ಷಕಿಯಾಗಿದ್ದ ಡೀರ್ಡ್ರೆ ಕಿರ್ವನ್, ಭಾಷಾತಜ್ಞ ಡೇವಿಡ್ ಲಿಟಲ್ ಅವರ ಒತ್ತಾಸೆಯಿಂದ, ಮನೆಭಾಷೆಗಳನ್ನೆಲ್ಲ ತರಗತಿಯೊಳಗೆ ಬರಮಾಡಿಕೊಂಡರು. ಹುಡುಗಿಯರು ಇಂಗ್ಲಿಷ್, ಐರಿಷ್, ಫ್ರೆಂಚ್, ಜೊತೆಗೆ ತಮ್ಮ ಮನೆಭಾಷೆ ಎಲ್ಲದರಲ್ಲೂ ಬರೆಯತೊಡಗಿದರು. ಮಗುವಿನ ಮನೆಭಾಷೆ ಟೀಚರಿಗೆ ಬರಬೇಕಿಲ್ಲ, ಬಲ್ಲವಳು ಮಗುವೇ. ನಮ್ಮಲ್ಲಿ ಇದನ್ನು ಮಾಡಲು ಐವತ್ತು ದೇಶದ ಮಕ್ಕಳು ಬರಬೇಕಾಗಿಲ್ಲ, ತಾಂಡಾದಿಂದ ಬರುವ ಮಗು ಸಾಕು.

ಇಷ್ಟು ಹೇಳಿದ ಮೇಲೆ ಬಿಟ್ಟುಕೊಡದ ವಿಷಯವನ್ನೂ ಹೇಳಬೇಕು. ಓದು ಕಲಿಸುವ ಮೆಟ್ಟಿಲುಗಳನ್ನು ನಾನು ಮಕ್ಕಳ ಆಯ್ಕೆಗೆ ಬಿಡುವುದಿಲ್ಲ. ಯಾವ ಅಕ್ಷರಕ್ಕೆ ಯಾವ ಸದ್ದು, ಯಾವುದರ ನಂತರ ಯಾವುದು ಅನ್ನುವುದು ನನ್ನ ಕೆಲಸ. ತನಗೆ ಏನು ಗೊತ್ತಿಲ್ಲ ಅನ್ನುವುದೇ ಗೊತ್ತಿಲ್ಲದ ಮಗುವಿಗೆ ಅದನ್ನು ಆರಿಸು ಅನ್ನುವುದು ನ್ಯಾಯವಲ್ಲ. ಇನ್ನೊಂದು, ಮಕ್ಕಳ ಮಾತು ಕೇಳುತ್ತೇವೆ ಅಂತ ಹೊರಟರೆ ಜೋರು ದನಿಯ ಇಬ್ಬರು ಹುಡುಗರ ಮಾತು ಮಾತ್ರ ಕೇಳುತ್ತದೆ. ಅದಕ್ಕೆ ಹುಣಸೆ ಬೀಜದ ವೋಟು ಇಟ್ಟುಕೊಂಡಿದ್ದೇವೆ. ಮೂರು ಡಬ್ಬ, ಮೂರು ವಿಷಯ, ಬಾಗಿಲ ಹಿಂದೆ ಒಬ್ಬೊಬ್ಬರೇ ಹೋಗಿ ಹಾಕಿ ಬರುವುದು. ಗುಟ್ಟಾದ ಮೇಲೆ ಫಲಿತಾಂಶ ಬದಲಾಯಿತು. ಕ್ರಿಕೆಟ್ ಸೋತು ದನ ಕರು ಗೆದ್ದಿತು.

ಪೋಷಕರದ್ದು ಬೇರೆ ಕಥೆ. ಅವರಿಗೆ ನೋಟ್‌ಬುಕ್ಕಿನಲ್ಲಿ ಕೆಂಪಿಂಕಿನ ರೈಟು ಕಾಣಬೇಕು. "ಮೇಡಮ್ಮೋರೆ, ಇದೇನು ಸುತ್ತು ಹಾಕ್ಕೊಂಡು ಬಂದವ್ನೆ, ಸ್ಪೆಲ್ಲಿಂಗ್ ಬರೆಸಾಕಿಲ್ವಾ?" ಅಂತ ಒಬ್ಬರು ಕೇಳಿದರು. ಪಕ್ಕದ ಊರಿನ ಕಾನ್ವೆಂಟಿನ ಮಕ್ಕಳು ಹಾಳೆಗಟ್ಟಲೆ ಬರೆಯುವುದನ್ನು ಅವರು ನೋಡಿರುತ್ತಾರೆ. ಅವರ ಆತಂಕ ಸುಳ್ಳಲ್ಲ. ಇಂಗ್ಲಿಷ್ ಬರದೆ ತಾವು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಪಟ್ಟ ಪಾಡು ಮಗನಿಗೆ ಬೇಡ ಅನ್ನುವುದು ಅಷ್ಟೇ. ವಿವರಿಸುವುದಕ್ಕಿಂತ ಮಗನನ್ನೇ ಕರೆದು ಆ ಹಾಳೆ ತೋರಿಸಿ "ಅಪ್ಪಂಗೆ ಹೇಳು, ಯಾವುದು ಬರುತ್ತೆ" ಅಂದೆ. ಅವನು ಒಂದೊಂದೇ ಬೆರಳಿಟ್ಟು ಹೇಳಿದ. ಖಾಲಿ ವೃತ್ತ ಬಂದಾಗಲೂ ನಿಲ್ಲದೆ "ಇದು ಬರಲ್ಲ, ಮುಂದಿನ ತಿಂಗಳು" ಅಂದ. ಅಪ್ಪ ಒಪ್ಪಿಕೊಂಡರು ಅಂತ ಹೇಳಲಾರೆ. ಸ್ಪೆಲ್ಲಿಂಗೂ ಬರೆಸಿ ಅಂತಲೇ ಹೋದರು. ಬರೆಸುತ್ತೇನೆ, ಅದರಲ್ಲೇನು.

ಈ ವರ್ಷ ಮಕ್ಕಳದ್ದು ಹೊಸ ಬೇಡಿಕೆ. ಕಿರುಪರೀಕ್ಷೆಯ ಪ್ರಶ್ನೆಗಳನ್ನು ತಾವೇ ಹಾಕುತ್ತೇವೆ ಅಂತ. ಸಹೋದ್ಯೋಗಿಯೊಬ್ಬರು "ಸುಲಭದ್ದು ಹಾಕ್ಕೊಂಡು ಎಲ್ಲರೂ ಪಾಸಾಗ್ತಾರೆ ಬಿಡಿ" ಅಂದರು. ನೋಡೋಣ ಅಂತ ಬಿಟ್ಟೆ. ಆದದ್ದು ತಿರುಗಾಮುರುಗ. ಒಬ್ಬರಿಗೊಬ್ಬರು ಸೋಲಿಸಬೇಕು ಅಂತ ಗೊಬ್ಬರದ ಚೀಲದಿಂದ, ಮಾತ್ರೆ ಪಟ್ಟಿಯಿಂದ ಹೆಕ್ಕಿ ಹೆಕ್ಕಿ ಪದ ಹಾಕಿದ್ದರು. ಪೊಟ್ಯಾಶ್ ಅನ್ನುವುದರ ಸ್ಪೆಲ್ಲಿಂಗ್ ಕೇಳಿದ್ದವನಿಗೆ ಅದು ತನಗೇ ಬರಲಿಲ್ಲ. ಅರ್ಧ ತರಗತಿ ಫೇಲು, ಗಲಾಟೆಯೋ ಗಲಾಟೆ. ಅಲ್ಲೇ ಕೂತು ಹೊಸ ನಿಯಮ ಮಾಡಿಕೊಂಡಿದ್ದಾರೆ: ಪ್ರಶ್ನೆ ಹಾಕುವವರು ಉತ್ತರವನ್ನೂ ಮೊದಲೇ ಬರೆದು ಮಿಸ್ ಹತ್ತಿರ ಕೊಟ್ಟಿರಬೇಕು. ಮುಂದಿನ ಪರೀಕ್ಷೆ ದಸರಾ ರಜೆ ಮುಗಿದ ಮೇಲೆ.